ಹುಲ್ಲುಗಾವಲಿನಲ್ಲಿ ಸಿಕ್ಕ ದೋಣಿ

ಮಕ್ಕಳೇ, ನಿಮ್ಮ ಊರಿನಲ್ಲಿ ಯಾರದಾದರೂ ಹಿತ್ತಲಲ್ಲಿ ಹಳೆಯ ಎತ್ತಿನಗಾಡಿಯೊಂದು ಬಿದ್ದಿರುವುದನ್ನು ನೀವು ನೋಡಿರಬಹುದು. ಗಾಲಿಯ ಅರಗಳು ಕಳಚಿರುತ್ತವೆ, ನೊಗಕ್ಕೆ ಗೆದ್ದಲು ಹತ್ತಿರುತ್ತದೆ, ಕೋಳಿಗಳು ಅದರ ಮೇಲೆ ಕೂತಿರುತ್ತವೆ. ಅದರ ಯಜಮಾನ ನಿಮ್ಮನ್ನು ಕರೆದು, ಗಾಡಿ ನಿನಗೇ ಇರಲಿ, ಸ್ವಲ್ಪ ರಿಪೇರಿ ಬೇಕು ಅಷ್ಟೇ ಎಂದರೆ ನೀವು ಏನು ಮಾಡುತ್ತೀರಿ?

1892ರಲ್ಲಿ ಅಮೆರಿಕದ ಒಬ್ಬ ನಾವಿಕನಿಗೆ ಇಂಥದೇ ಕೊಡುಗೆ ಬಂತು. ಅವನು ಆಗ 48 ವರ್ಷದವನು, ಕೈಯಲ್ಲಿ ಕೆಲಸವಿರಲಿಲ್ಲ. ಅವನಿಗೆ ಸಿಕ್ಕಿದ್ದು ಗಾಡಿಯಲ್ಲ, ಒಂದು ಹಾಯಿದೋಣಿ. ಅದನ್ನು ಅವನು ದುರಸ್ತಿ ಮಾಡಿದ. ಆಮೇಲೆ ಅದರಲ್ಲಿ ಒಬ್ಬನೇ ಕೂತು ಇಡೀ ಭೂಮಿಯನ್ನು ಸುತ್ತಿ ಬಂದ. ಅದಕ್ಕೆ ಮೊದಲು ಯಾರೂ ಒಂಟಿಯಾಗಿ ಹಾಗೆ ಸುತ್ತಿರಲಿಲ್ಲ. ಅವನ ಹೆಸರು ಜೋಶುವಾ ಸ್ಲೋಕಮ್.

ಸ್ಲೋಕಮ್ ಹುಟ್ಟಿದ್ದು 1844ರ ಫೆಬ್ರವರಿ 20ರಂದು, ಈಗಿನ ಕೆನಡಾ ದೇಶದ ನೋವಾ ಸ್ಕೋಷಿಯಾ ಪ್ರಾಂತದಲ್ಲಿ. ಹನ್ನೊಂದು ಮಕ್ಕಳ ಮನೆ. ತಂದೆ ಮೀನುಗಾರರಿಗೆ ಚರ್ಮದ ಬೂಟು ಹೊಲಿಯುತ್ತಿದ್ದರು. ಹುಡುಗನಿಗೆ ಹತ್ತು ವರ್ಷವಾದಾಗ ಶಾಲೆ ಬಿಡಿಸಿ ಅದೇ ಅಂಗಡಿಯಲ್ಲಿ ಕೂರಿಸಿದರು. ಅಂದರೆ ಅವನ ಓದು ಸುಮಾರು ನಿಮ್ಮ ಮೂರನೇ ತರಗತಿಗೇ ಮುಗಿಯಿತು. ಬೂಟಿನ ವಾಸನೆ ಅವನಿಗೆ ಹಿಡಿಸಲಿಲ್ಲ, ಕಿಟಕಿಯಾಚೆ ಕಾಣುತ್ತಿದ್ದ ಸಮುದ್ರ ಹಿಡಿಸಿತು. ಹದಿನಾಲ್ಕನೇ ವಯಸ್ಸಿನಲ್ಲಿ ಮನೆಬಿಟ್ಟು ಮೀನು ಹಿಡಿಯುವ ಹಡಗಿನಲ್ಲಿ ಅಡುಗೆಯವನಾದ. ಅಲ್ಲಿಂದ ವಾಪಸು ಬಂದವನು, ತಾಯಿ ತೀರಿಕೊಂಡ ಮೇಲೆ 1860ರಲ್ಲಿ ಪೂರ್ತಿಯಾಗಿ ಹೊರಟೇಹೋದ. ಹಡಗಿನಲ್ಲಿ ದುಡಿಯುತ್ತಲೇ ಗಣಿತ, ಖಗೋಳ, ನಕ್ಷೆ ಓದುವುದು ಎಲ್ಲವನ್ನೂ ಕಲಿತು ಪರೀಕ್ಷೆ ಪಾಸು ಮಾಡಿದ. 25 ವರ್ಷಕ್ಕೆ ಹಡಗಿನ ಕ್ಯಾಪ್ಟನ್ ಆಗಿದ್ದ.

1871ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ವರ್ಜೀನಿಯಾ ವಾಕರ್ ಎಂಬಾಕೆಯನ್ನು ಮದುವೆಯಾದ. ಅವರ ಸಂಸಾರವೆಲ್ಲ ಹಡಗಿನಲ್ಲೇ. ಮಕ್ಕಳು ಹುಟ್ಟಿದ್ದು, ಓದಿದ್ದು ಹಡಗುಗಳಲ್ಲಿ, ಬಂದರುಗಳಲ್ಲಿ. 1884ರಲ್ಲಿ ವರ್ಜೀನಿಯಾ ಬ್ಯೂನಸ್ ಐರಿಸ್ ಬಂದರಿನಲ್ಲಿ ತೀರಿಕೊಂಡರು. ಎರಡು ವರ್ಷದ ಮೇಲೆ ಅವನು ಹೆನ್ರಿಯೆಟಾ ಎಂಬಾಕೆಯನ್ನು ಮದುವೆಯಾದ. 1887ರ ಕೊನೆಯಲ್ಲಿ ಬ್ರೆಜಿಲ್ ತೀರದ ಮರಳ ದಿಬ್ಬಕ್ಕೆ ಸಿಕ್ಕಿ ಅವನ ಸ್ವಂತ ಹಡಗು ‘ಅಕ್ವಿಡ್ನೆಕ್’ ಒಡೆದುಹೋಯಿತು. ಸ್ಲೋಕಮ್ ಕೈಕಟ್ಟಿ ಕೂರಲಿಲ್ಲ. ಒಡೆದ ಹಡಗಿನಿಂದ ಸಿಕ್ಕಿದ್ದನ್ನೂ ಕಾಡಿನ ಮರವನ್ನೂ ಸೇರಿಸಿ 35 ಅಡಿಯ ದೋಣಿ ಕಟ್ಟಿದ. ಅದು ನೀರಿಗೆ ಇಳಿದದ್ದು 1888ರ ಮೇ 13ರಂದು. ಅಂದೇ ಬ್ರೆಜಿಲ್‌ನಲ್ಲಿ ಗುಲಾಮಗಿರಿ ರದ್ದಾಯಿತು. ಹಾಗಾಗಿ ದೋಣಿಗೆ ‘ಲಿಬರ್ಡಾಡೆ’ ಎಂದರೆ ಸ್ವಾತಂತ್ರ್ಯ ಎಂದು ಹೆಸರಿಟ್ಟು, ಹೆಂಡತಿ ಮತ್ತು ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಸುಮಾರು 5,500 ಮೈಲಿ ನಡೆಸಿ ಅಮೆರಿಕ ತಲುಪಿದ.

ಆದರೆ ಅಷ್ಟರಲ್ಲಿ ಕಾಲ ಬದಲಾಗಿತ್ತು. ಉಗಿಹಡಗುಗಳು ಬಂದಿದ್ದವು. ಗಾಳಿ ಇರಲಿ ಬಿಡಲಿ ಅವು ಓಡುತ್ತಿದ್ದವು. ಹಾಯಿಹಡಗು ನಡೆಸುವ ಕ್ಯಾಪ್ಟನ್‌ಗಳನ್ನು ಕೇಳುವವರಿರಲಿಲ್ಲ. ಆ ದಿನಗಳಲ್ಲಿ ಅವನಿಗೆ ಪರಿಚಯವಿದ್ದ ಈಬನ್ ಪಿಯರ್ಸ್ ಎಂಬ ಮುದಿ ತಿಮಿಂಗಿಲ ಬೇಟೆಯ ಕ್ಯಾಪ್ಟನ್ ತನ್ನಲ್ಲಿ ಒಂದು ಹಡಗಿದೆ, ಬೇಕಾದರೆ ತೆಗೆದುಕೋ ಎಂದ. ಸ್ಲೋಕಮ್ ಮ್ಯಾಸಚೂಸೆಟ್ಸ್ ರಾಜ್ಯದ ಫೇರ್‌ಹೇವನ್ ಊರಿಗೆ ಹೋಗಿ ನೋಡಿದರೆ ‘ಸ್ಪ್ರೇ’ ಎಂಬ ಪುರಾತನ ದೋಣಿ ಸಮುದ್ರದಿಂದ ದೂರ, ಹುಲ್ಲುಗಾವಲಿನಲ್ಲಿ, ಊರೆಗೋಲುಗಳ ಮೇಲೆ ಕ್ಯಾನ್ವಾಸ್ ಹೊದ್ದು ನಿಂತಿತ್ತು. ಹಿಂದೊಮ್ಮೆ ಸಿಂಪಿ ಹಿಡಿಯಲು ಬಳಸುತ್ತಿದ್ದ ದೋಣಿಯಂತೆ. ಅದನ್ನು ಒಡೆದು ಸೌದೆ ಮಾಡಲು ಬಂದಿದ್ದಾನೆ ಎಂದೇ ಊರವರು ತಿಳಿದರು.

ಇಲ್ಲಿ ಸ್ವಲ್ಪ ನಿಲ್ಲೋಣ. ಮರ ಏಕೆ ಕೊಳೆಯುತ್ತದೆ? ಮರವನ್ನು ತಿನ್ನುವುದು ಒಂದು ಬಗೆಯ ಶಿಲೀಂಧ್ರ. ಅದು ಬೆಳೆಯಲು ತೇವ ಬೇಕು, ಗಾಳಿಯೂ ಬೇಕು. ಚೆನ್ನಾಗಿ ಒಣಗಿದ ಮರದಲ್ಲಿ ಅದು ಬೆಳೆಯುವುದಿಲ್ಲ. ಪೂರ್ತಿ ನೀರಿನಲ್ಲಿ ಮುಳುಗಿದ ಮರದಲ್ಲಿ ಗಾಳಿ ಸಾಲದೆ ಅದು ಬೆಳೆಯುವುದು ಕಷ್ಟ. ಒಮ್ಮೆ ನೆನೆದು ಒಮ್ಮೆ ಆರುವ ಜಾಗದಲ್ಲೇ ಅಪಾಯ ಹೆಚ್ಚು. ನಿಮ್ಮ ಹೊಲದ ಬೇಲಿಯ ಗೂಟ ನೋಡಿ, ಅದು ಮುರಿಯುವುದು ಸರಿಯಾಗಿ ನೆಲಮಟ್ಟದಲ್ಲಿ! ಇನ್ನೊಂದು ವಿಚಿತ್ರವೆಂದರೆ, ಮರದ ಹಡಗಿಗೆ ಸಮುದ್ರದ ನೀರಿಗಿಂತ ಮಳೆನೀರೇ ಹೆಚ್ಚು ಶತ್ರು. ಉಪ್ಪು ಶಿಲೀಂಧ್ರವನ್ನು ತಡೆಯುತ್ತದೆ. ಹಳೆಯ ಕಾಲದ ಹಡಗು ಕಟ್ಟುವವರು ಪಕ್ಕೆಮರಗಳ ನಡುವೆ ಕಲ್ಲುಪ್ಪು ತುಂಬುತ್ತಿದ್ದುದು ಇದಕ್ಕೇ. ನಮ್ಮ ಅಜ್ಜಿಯರು ಮಾವಿನಕಾಯಿಗೆ ಮಾಡಿದ ಉಪಾಯವೇ ಅಲ್ಲವೆ?

ಸ್ಪ್ರೇಯ ಬಹುಭಾಗ ಶಿಥಿಲವಾಗಿತ್ತು. ಸ್ಲೋಕಮ್ ಕೊಡಲಿ ಹಿಡಿದು ಹತ್ತಿರದಲ್ಲೇ ಇದ್ದ ಒಂದು ಓಕ್ ಮರವನ್ನು ಕಡಿದ. ಅದು ಹೊಸ ‘ಕೀಲ್’ ಆಯಿತು. ಕೀಲ್ ಎಂದರೆ ದೋಣಿಯ ತಳದಲ್ಲಿ ಮುಂದಿನಿಂದ ಹಿಂದಿನವರೆಗೆ ಹಾದಿರುವ ದಪ್ಪ ತೊಲೆ, ದೋಣಿಯ ಬೆನ್ನೆಲುಬು. ಬೆನ್ನೆಲುಬಿಗೆ ಪಕ್ಕೆಲುಬು ಬೇಕಲ್ಲ? ನೇರವಾದ ಎಳೆಯ ಓಕ್ ಮರಗಳನ್ನು ಕೆತ್ತಿ, ಉದ್ದನೆಯ ಪೆಟ್ಟಿಗೆಯೊಳಗೆ ಇಟ್ಟು, ಹಂಡೆಯಲ್ಲಿ ನೀರು ಕಾಯಿಸಿ ಆ ಉಗಿಯನ್ನು ಪೆಟ್ಟಿಗೆಗೆ ಹಾಯಿಸಿದ. ಮರದ ನಾರುಗಳನ್ನು ಒಂದಕ್ಕೊಂದು ಅಂಟಿಸಿ ಹಿಡಿದಿರುವ ಲಿಗ್ನಿನ್ ಎಂಬ ವಸ್ತು ಉಗಿಯ ಬಿಸಿಗೆ ಮೆತ್ತಗಾಗುತ್ತದೆ. ಒಂದು ಅಂಗುಲ ದಪ್ಪದ ಮರಕ್ಕೆ ಸುಮಾರು ಒಂದು ಗಂಟೆ ಉಗಿ ಕೊಡಬೇಕು ಎಂಬುದು ಬಡಗಿಗಳ ಲೆಕ್ಕ. ಆಗ ಮರ ಬಾಗುತ್ತದೆ. ಬಾಗಿಸಿ ಕಟ್ಟಿ ಹಾಕಿ ತಣ್ಣಗಾಗಲು ಬಿಟ್ಟರೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಮೇದಾರರು ಬಿದಿರನ್ನು ಬೆಂಕಿಗೆ ಹಿಡಿದು ಬಾಗಿಸುವುದನ್ನು ನೋಡಿರುವ ಮಕ್ಕಳಿಗೆ ಇದು ಬೇಗ ಅರ್ಥವಾಗುತ್ತದೆ.

ಪಕ್ಕೆಗಳ ಮೇಲೆ ಒಂದೂವರೆ ಅಂಗುಲ ದಪ್ಪದ ಪೈನ್ ಹಲಗೆಗಳನ್ನು ಜೋಡಿಸಿದ. ಇಡೀ ಕೆಲಸಕ್ಕೆ ಸಾವಿರದಷ್ಟು ತಿರುಪಿನ ಬೋಲ್ಟುಗಳು ಹಿಡಿದವು. ಹಡಗು ಬಲ್ಲ ಮುದುಕರು ಬಂದು ಬಂದು ನೋಡಿದರು. ಹಿಮಗಡ್ಡೆ ಒಡೆಯುವಷ್ಟು ಗಟ್ಟಿಯಾಗಿದೆ ಎಂದು ಮೆಚ್ಚಿದರು. ಆದರೆ ಹಲಗೆಗಳ ಸಂದು ಮುಚ್ಚುವಾಗ ಒಂದು ತಕರಾರು ಬಂತು. ಎರಡು ಹಲಗೆಗಳ ನಡುವಿನ ಬಿರುಕಿಗೆ ಸ್ಲೋಕಮ್ ಮೊದಲು ಹತ್ತಿಯ ಎಳೆಯನ್ನು ಉಳಿಯಿಂದ ಬಡಿದು ತುಂಬಿಸಿ, ಅದರ ಮೇಲೆ ಡಾಂಬರು ಸೋಕಿದ ಹಗ್ಗದ ನಾರನ್ನು ತುಂಬಿಸುತ್ತಿದ್ದ. ಹತ್ತಿ ಹೊರಗೆ ಹರಿದು ಬರುತ್ತದೆ ಎಂದು ಕೆಲವರು ಹೆದರಿಸಿದರು. ಅದು ಬರಲಿಲ್ಲ. ಏಕೆಂದರೆ ನೀರಿಗೆ ಇಳಿದ ಮೇಲೆ ಹಲಗೆ ನೀರು ಹೀರಿ ಉಬ್ಬುತ್ತದೆ. ಸಂದು ಕಿರಿದಾಗಿ ಒಳಗಿನ ಹತ್ತಿಯನ್ನು ಬಿಗಿಯಾಗಿ ಒತ್ತುತ್ತದೆ. ಮಳೆಗಾಲದಲ್ಲಿ ನಿಮ್ಮ ಶಾಲೆಯ ಬಾಗಿಲು ಮುಚ್ಚಲು ಬರದೆ ಒದ್ದಾಡುತ್ತದಲ್ಲ, ಅದೇ ಕಾರಣ. ಬಾಗಿಲಿಗೆ ಬಂದ ತೊಂದರೆ ದೋಣಿಗೆ ಅನುಕೂಲ. ನಮ್ಮ ಕರಾವಳಿಯ ಮಕ್ಕಳು ದೋಣಿಯ ಸಂದಿಗೆ ಹತ್ತಿ ತುಂಬುವುದನ್ನು ಕಣ್ಣಾರೆ ನೋಡಿರಬಹುದು. ನಾನು ಬಯಲುಸೀಮೆಯವನು, ಇದನ್ನು ಪುಸ್ತಕದಿಂದಲೇ ತಿಳಿದೆ.

ದುರಸ್ತಿಗೆ 13 ತಿಂಗಳ ದುಡಿಮೆ ಹಿಡಿಯಿತು. ಖರ್ಚಾದದ್ದು 553 ಡಾಲರ್ 62 ಸೆಂಟ್. ಕೂಲಿ ಎಲ್ಲ ಅವನದೇ. ಸಿದ್ಧವಾದ ದೋಣಿ 36 ಅಡಿ 9 ಅಂಗುಲ ಉದ್ದ, 14 ಅಡಿ 2 ಅಂಗುಲ ಅಗಲವಿತ್ತು. ನಿಮ್ಮ ತರಗತಿ ಕೋಣೆಯನ್ನು ಅಳೆದು ಹೋಲಿಸಿ ನೋಡಿ.

ಈಗೊಂದು ಪ್ರಶ್ನೆ. ಕೀಲ್ ಹೊಸದು, ಪಕ್ಕೆ ಹೊಸದು, ಹಲಗೆ ಹೊಸದು. ಹಾಗಾದರೆ ಇದು ಹಳೆಯ ಸ್ಪ್ರೇಯೋ, ಬೇರೆ ದೋಣಿಯೋ? ಸ್ಲೋಕಮ್‌ನ ಪ್ರಕಾರ ಒಂದೊಂದೇ ಭಾಗ ತೆಗೆದು ಹೊಸದು ಹಾಕುತ್ತಾ ಹೋದರೆ ದೋಣಿ ಅದೇ. ಹಳೆಯದು ಎಲ್ಲಿ ಮುಗಿಯಿತು, ಹೊಸದು ಎಲ್ಲಿ ಶುರುವಾಯಿತು ಎಂದು ಹೇಳಲಾಗದು, ಹೇಳುವ ಅಗತ್ಯವೂ ಇಲ್ಲ. ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿ ನೋಡಿ, ಒಂದು ಪೀರಿಯಡ್ ಸಾಲುವುದಿಲ್ಲ. ನಮ್ಮ ಚರ್ಮದ ಹೊರಪದರದ ಜೀವಕೋಶಗಳೂ ಕೆಲವು ವಾರಗಳಲ್ಲಿ ಉದುರಿ ಹೊಸದಾಗುತ್ತವೆ, ಆದರೂ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಅದೇ ಇರುತ್ತದೆ!

1895ರ ಏಪ್ರಿಲ್ 24ರಂದು ಬಾಸ್ಟನ್ ಬಂದರಿನಿಂದ ಸ್ಪ್ರೇ ಹೊರಟಿತು. ಆಗ ಸ್ಲೋಕಮ್‌ಗೆ 51 ವರ್ಷ. ಅವನಿಗೆ ಈಜು ಬರುತ್ತಿರಲಿಲ್ಲ. ಮೊದಲು ಪೂರ್ವಕ್ಕೆ, ಅಟ್ಲಾಂಟಿಕ್ ದಾಟಿ ಜಿಬ್ರಾಲ್ಟರ್ ತಲುಪಿದ. ಸೂಯೆಜ್ ಮೂಲಕ ಹೋಗುವ ಯೋಚನೆಯಿತ್ತು. ಆದರೆ ಮೆಡಿಟರೇನಿಯನ್‌ನಲ್ಲಿ ಕಡಲ್ಗಳ್ಳರ ಕಾಟವಿದೆ ಎಂದು ಅಲ್ಲಿನ ನೌಕಾಪಡೆಯವರು ಎಚ್ಚರಿಸಿದ್ದರಿಂದ ದಿಕ್ಕು ಬದಲಿಸಿ ಮತ್ತೆ ಅಟ್ಲಾಂಟಿಕ್ ದಾಟಿ ದಕ್ಷಿಣ ಅಮೆರಿಕದತ್ತ ತಿರುಗಿದ.

ಈ ಪಯಣದ ಬಗ್ಗೆ ಬರೆಯುವವರು ಬಿರುಗಾಳಿ, ಕಳ್ಳರು, ರಾತ್ರಿ ದೋಣಿಯ ಮೇಲೆ ಮೊಳೆ ಚೆಲ್ಲಿ ಮಲಗಿದ್ದು ಇವನ್ನೇ ಹೆಚ್ಚಾಗಿ ಹೇಳುತ್ತಾರೆ. ನನಗೆ ಹೆಚ್ಚು ಬೆರಗು ತರುವುದು ದಿನದಿನದ ದುರಸ್ತಿ. ಬ್ಯೂನಸ್ ಐರಿಸ್‌ನಲ್ಲಿ ಅವನು ಹಾಯಿ ಕಟ್ಟುವ ಕಂಬವನ್ನು ಏಳು ಅಡಿ ಗಿಡ್ಡ ಮಾಡಿದ. ಮುಂದೆ ಬಿರುಗಾಳಿಯ ಕಡಲಿದೆ, ಎತ್ತರದ ಕಂಬ ದೋಣಿಯನ್ನು ಮಗುಚಬಹುದು ಎಂಬ ಲೆಕ್ಕ. 1896ರ ಫೆಬ್ರವರಿಯಲ್ಲಿ ಮೆಗಲನ್ ಜಲಸಂಧಿಗೆ ಬಂದ. ದಾಟಿ ಪೆಸಿಫಿಕ್ ಸೇರಿದೊಡನೆ ಬಿರುಗಾಳಿ ಹಿಡಿದು ದಕ್ಷಿಣಕ್ಕೆ, ಕೇಪ್ ಹಾರ್ನ್ ಕಡೆಗೆ ಎಳೆದೊಯ್ದಿತು. ದೊಡ್ಡ ಹಾಯಿ ಚಿಂದಿಯಾಯಿತು. ರಾತ್ರಿ ಕತ್ತಲಲ್ಲಿ, ಸುತ್ತಲೂ ಬಂಡೆಗಳಿಗೆ ಅಪ್ಪಳಿಸಿ ಬೆಳ್ಳಗೆ ನೊರೆಯೇಳುವ ಕಡಲಿನ ನಡುವೆ ಹೇಗೋ ದಾರಿ ಮಾಡಿಕೊಂಡು ಮತ್ತೆ ಜಲಸಂಧಿಗೇ ಬಂದು ಬಿದ್ದ. ಇಷ್ಟು ದಿನದ ಶ್ರಮ ನೀರಿನಲ್ಲಿ ಹೋಮವಾಯಿತು. ಚಳಿಯಲ್ಲಿ, ಒಬ್ಬನೇ ಕೂತು, ಸೂಜಿ ದಾರ ಹಿಡಿದು ಕ್ಯಾನ್ವಾಸ್ ತುಂಡುಗಳನ್ನು ಸೇರಿಸಿ ಹಾಯಿ ಹೊಲಿದ. ಬಾಲ್ಯದಲ್ಲಿ ಬೇಡವೆಂದು ಬಿಟ್ಟುಬಂದ ಹೊಲಿಗೆ! ಇದೇ ಜಲಸಂಧಿಯಲ್ಲಿ ದೋಣಿಯ ಹಿಂಭಾಗಕ್ಕೆ ಇನ್ನೊಂದು ಪುಟ್ಟ ಕಂಬ, ಪುಟ್ಟ ಹಾಯಿ ಸೇರಿಸಿದ. ಏಪ್ರಿಲ್ 13ರಂದು ಕೊನೆಗೂ ಪೆಸಿಫಿಕ್‌ಗೆ ಹೊರಟ.

ಒಬ್ಬನೇ ಇದ್ದರೆ ನಿದ್ದೆ ಮಾಡುವುದು ಹೇಗೆ, ಚುಕ್ಕಾಣಿ ಹಿಡಿಯುವವರು ಯಾರು ಎಂದು ನೀವು ಕೇಳಬಹುದು. ಸ್ಪ್ರೇಯ ಗುಟ್ಟು ಇರುವುದೇ ಇಲ್ಲಿ. ಮೇಜಿನ ಮೇಲೆ ಒಂದು ಪುಸ್ತಕವಿಟ್ಟು ಅಂಚಿನ ಸರಿಯಾಗಿ ಮಧ್ಯದಲ್ಲಿ ಬೆರಳಿನಿಂದ ತಳ್ಳಿ, ಅದು ನೇರ ಸರಿಯುತ್ತದೆ. ಒಂದು ಕೊನೆಯಲ್ಲಿ ತಳ್ಳಿ, ತಿರುಗುತ್ತದೆ. ಗಾಳಿ ಹಾಯಿಯನ್ನು ತಳ್ಳುವಾಗ, ನೀರು ದೋಣಿಯ ತಳವನ್ನು ಎದುರು ತಳ್ಳುತ್ತದೆ. ಇವೆರಡರ ಕೇಂದ್ರಗಳು ಹೊಂದಿಕೊಂಡರೆ ದೋಣಿ ತಿರುಗದೆ ನೇರ ಹೋಗುತ್ತದೆ. ಅಲೆಯೊಂದು ಸ್ವಲ್ಪ ತಿರುಗಿಸಿದರೂ ಹಾಯಿಗಳ ಮೇಲಿನ ಒತ್ತಡ ಬದಲಾಗಿ ಅದನ್ನು ಮತ್ತೆ ದಾರಿಗೆ ತರುತ್ತದೆ. ಉದ್ದನೆಯ ತಳ, ಸರಿಯಾಗಿ ಹೊಂದಿಸಿದ ಹಾಯಿಗಳು ಇದ್ದುದರಿಂದ ಸ್ಲೋಕಮ್ ಚುಕ್ಕಾಣಿಯನ್ನು ಹಗ್ಗದಿಂದ ಕಟ್ಟಿ ಒಳಗೆ ಹೋಗಿ ಅಡುಗೆ ಮಾಡಿಕೊಳ್ಳುತ್ತಿದ್ದ, ಪುಸ್ತಕ ಓದುತ್ತಿದ್ದ, ನಿದ್ದೆಯನ್ನೂ ಮಾಡುತ್ತಿದ್ದ. 1897ರಲ್ಲಿ ಆಸ್ಟ್ರೇಲಿಯಾದ ಉತ್ತರದ ಥರ್ಸ್‌ಡೇ ದ್ವೀಪದಿಂದ ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಿಗೆ 2,700 ಮೈಲಿ, 23 ದಿನ. ಅಷ್ಟೂ ದಿನಗಳಲ್ಲಿ ಅವನು ಚುಕ್ಕಾಣಿ ಹಿಡಿದದ್ದು ಒಟ್ಟು ಮೂರು ಗಂಟೆಗಿಂತ ಕಡಿಮೆ!

ಆ ಕಡಲಿಗೆ ಹೊರಡುವ ಮೊದಲು ಒಂದು ಮುಖ್ಯ ಕೆಲಸ ಮಾಡಿದ್ದ. ಟಾಸ್ಮೇನಿಯಾದ ಡೆವನ್‌ಪೋರ್ಟ್‌ನಲ್ಲಿ ದೋಣಿಯನ್ನು ದಡಕ್ಕೆ ಎಳೆಸಿ ತಳವನ್ನೆಲ್ಲ ಪರೀಕ್ಷಿಸಿದ. ಹುಡುಕಿದ್ದು ‘ಟೆರಿಡೊ’ ಎಂಬ ಜೀವಿಯನ್ನು. ಇದನ್ನು ಹಡಗುಹುಳು ಎನ್ನುತ್ತಾರೆ, ಆದರೆ ಇದು ಹುಳುವಲ್ಲ, ಕಪ್ಪೆಚಿಪ್ಪಿನ ಬಳಗದ ಮೃದ್ವಂಗಿ. ಉಗುರಿನಷ್ಟೂ ಇಲ್ಲದ ಮರಿಯಾಗಿ ಮರಕ್ಕೆ ಅಂಟಿ, ತಲೆಯ ಚಿಪ್ಪಿನಿಂದ ಉಜ್ಜುತ್ತಾ ಕೊರೆದು ಒಳಗೆ ಸೇರುತ್ತದೆ. ಹೊರಗೆ ಕಾಣುವುದು ಸೂಜಿಮೊನೆಯಂಥ ತೂತು, ಒಳಗೆ ಹಲಗೆಯೆಲ್ಲ ಜರಡಿ. ಬೆಚ್ಚಗಿನ ಕಡಲಿನಲ್ಲಿ ಇವು ಬಲು ಬೇಗ ಬೆಳೆಯುತ್ತವೆ. ಸ್ಪ್ರೇಯಲ್ಲಿ ಒಂದೂ ಸಿಗಲಿಲ್ಲ. ಆದರೂ ಅವನು ತಳಕ್ಕೆ ಇನ್ನೊಮ್ಮೆ ತಾಮ್ರದ ಬಣ್ಣ ಬಳಿದ. ನೀರಿನಲ್ಲಿ ಸ್ವಲ್ಪಸ್ವಲ್ಪವೇ ಕರಗುವ ತಾಮ್ರ ಈ ಮರಿಗಳಿಗೂ ಪಾಚಿಗೂ ವಿಷ. ದ್ರಾಕ್ಷಿ ತೋಟಕ್ಕೆ, ಅಡಿಕೆ ಗೊನೆಗೆ ಮೈಲುತುತ್ತದ ಬೋರ್ಡೊ ದ್ರಾವಣ ಹೊಡೆಯುವುದನ್ನು ನೋಡಿದ್ದೀರಲ್ಲ, ಅಲ್ಲಿ ಕೆಲಸ ಮಾಡುವುದೂ ಇದೇ ತಾಮ್ರ.

ಇನ್ನು ಗಡಿಯಾರದ ಕಥೆ. ಕಡಲಿನಲ್ಲಿ ರೇಖಾಂಶ ತಿಳಿಯಲು ನಿಖರವಾದ ಗಡಿಯಾರ ಬೇಕು. ಭೂಮಿ ಗಂಟೆಗೆ 15 ಡಿಗ್ರಿ ತಿರುಗುತ್ತದೆ. ಗಡಿಯಾರ ಒಂದೇ ನಿಮಿಷ ತಪ್ಪಿದರೂ ಸಮಭಾಜಕದ ಹತ್ತಿರ ನಾವಿರುವ ಜಾಗದ ಲೆಕ್ಕ ಸುಮಾರು 28 ಕಿ.ಮೀ. ತಪ್ಪುತ್ತದೆ. ಸ್ಲೋಕಮ್‌ನ ಒಳ್ಳೆಯ ಗಡಿಯಾರದ ರಿಪೇರಿಗೆ 15 ಡಾಲರ್ ಕೇಳಿದರೆಂದು ಅದನ್ನು ಮನೆಯಲ್ಲೇ ಬಿಟ್ಟು, ಮುಖ ಒಡೆದಿದ್ದ ತಗಡಿನ ಗಡಿಯಾರವೊಂದನ್ನು ಒಂದು ಡಾಲರ್‌ಗೆ ಕೊಂಡಿದ್ದ. ಹೋಗುತ್ತಾ ಅದರ ನಿಮಿಷದ ಮುಳ್ಳೂ ಕಳಚಿತು. ನಿಂತಾಗ ಅವನು ಮಾಡಿದ ಚಿಕಿತ್ಸೆ, ಅದನ್ನು ಬಿಸಿನೀರಿನಲ್ಲಿ ಕುದಿಸುವುದು! ಒಳಗೆ ಗಟ್ಟಿಯಾದ ಎಣ್ಣೆಯೂ ಉಪ್ಪೂ ಕರಗಿರಬೇಕು, ಗಡಿಯಾರ ಮತ್ತೆ ನಡೆಯಿತು. (ಮನೆಯ ಗಡಿಯಾರದ ಮೇಲೆ ಈ ಪ್ರಯೋಗ ಮಾಡಬೇಡಿ.)

ಅಂಥ ಗಡಿಯಾರದಿಂದ ದಾರಿ ಸಿಗುವುದೆಂತು? ಅವನು ಆಕಾಶವನ್ನೇ ಗಡಿಯಾರ ಮಾಡಿಕೊಂಡ. ಚಂದ್ರ ನಕ್ಷತ್ರಗಳ ನಡುವೆ ಗಂಟೆಗೆ ಸುಮಾರು ತನ್ನ ಅಗಲದಷ್ಟೇ ಸರಿಯುತ್ತಾನೆ. ಚಂದ್ರನಿಂದ ಸೂರ್ಯನಿಗೋ ನಕ್ಷತ್ರಕ್ಕೋ ಇರುವ ಕೋನವನ್ನು ಅಳೆದು, ಕೋಷ್ಟಕ ನೋಡಿ ಲೆಕ್ಕ ಹಾಕಿದರೆ ಸಮಯ ತಿಳಿಯುತ್ತದೆ. ಪೆಸಿಫಿಕ್‌ನಲ್ಲಿ 43ನೇ ದಿನ ಹೀಗೆ ಅಳೆದಾಗ ಅವನ ಅಂದಾಜಿಗೂ ಲೆಕ್ಕಕ್ಕೂ ನೂರಾರು ಮೈಲಿ ವ್ಯತ್ಯಾಸ ಬಂತು. ತಾನು ತಪ್ಪಿರಲಾರೆ ಎನ್ನಿಸಿ ಮುದ್ರಿತ ಕೋಷ್ಟಕವನ್ನೇ ಪರಿಶೀಲಿಸಿದ. ಅದರ ಒಂದು ಸಾಲಿನ ಅಂಕಿಗಳಲ್ಲೇ ತಪ್ಪಿತ್ತು! ಸರಿಪಡಿಸಿ ಲೆಕ್ಕ ಹಾಕಿದಾಗ ವ್ಯತ್ಯಾಸ ಐದು ಮೈಲಿಗೆ ಇಳಿಯಿತು. ಮೂರನೇ ತರಗತಿ ಓದಿದವನು ಅಚ್ಚಾದ ಪುಸ್ತಕವನ್ನು ತಿದ್ದಿದ.

1898ರಲ್ಲಿ ದಕ್ಷಿಣ ಆಫ್ರಿಕಾದಲ್ಲಿ ಟ್ರಾನ್ಸ್‌ವಾಲ್ ಗಣರಾಜ್ಯದ ಅಧ್ಯಕ್ಷ ಕ್ರೂಗರ್ ಅವರನ್ನು ಕಂಡ. ಭೂಮಿ ಚಪ್ಪಟೆ ಎಂದು ನಂಬಿದ್ದ ಕ್ರೂಗರ್, ಭೂಮಿಯನ್ನು ಸುತ್ತುವುದು ಸಾಧ್ಯವೇ ಇಲ್ಲವೆಂದು ವಾದಿಸಿದರು. ಸ್ಲೋಕಮ್ ಜಗಳವಾಡದೆ ದೋಣಿ ಹತ್ತಿದ. ಸೇಂಟ್ ಹೆಲೆನಾ ದ್ವೀಪದಲ್ಲಿ ಯಾರೋ ಕೊಟ್ಟ ಮೇಕೆ ಮುಂದಿನ ದಾರಿಯ ನಕ್ಷೆಯನ್ನು ತಿಂದುಹಾಕಿತು. ಮೇ 8ರಂದು, ಮೂರು ವರ್ಷದ ಹಿಂದೆ ತಾನು ಹೋಗಿದ್ದ ದಾರಿಯನ್ನು ಸ್ಪ್ರೇ ಅಡ್ಡ ದಾಟಿತು. ಭೂಮಿಯ ಸುತ್ತು ಅಲ್ಲಿಗೆ ಪೂರ್ಣ.

1898ರ ಜೂನ್ 27ರ ನಡುರಾತ್ರಿ ಕಳೆದು ಒಂದು ಗಂಟೆಗೆ ಸ್ಪ್ರೇ ಅಮೆರಿಕದ ನ್ಯೂಪೋರ್ಟ್‌ನಲ್ಲಿ ಲಂಗರು ಹಾಕಿತು. ಮೂರು ವರ್ಷ ಎರಡು ತಿಂಗಳು, 46,000 ಮೈಲಿಗೂ ಹೆಚ್ಚು. ಸ್ಲೋಕಮ್‌ಗೆ ಅಷ್ಟಕ್ಕೇ ಸಮಾಧಾನವಾಗಲಿಲ್ಲ. ಜುಲೈ 3ರಂದು ಫೇರ್‌ಹೇವನ್‌ಗೆ ಹೋಗಿ, ಮೊದಲ ಸಲ ನೀರಿಗೆ ಇಳಿಸಿದಾಗ ದೋಣಿಯನ್ನು ಕಟ್ಟಿದ್ದ ಅದೇ ದೇವದಾರು ಗೂಟಕ್ಕೆ ಮತ್ತೆ ಕಟ್ಟಿದ. ದೋಣಿ ಸೋರುತ್ತಿರಲಿಲ್ಲ. ಎರಡು ವರ್ಷದ ನಂತರ ಅವನ ಪ್ರವಾಸದ ಪುಸ್ತಕ ಬಂತು, ತುಂಬಾ ಜನ ಓದಿದರು. 1903ರಲ್ಲಿ ಅದರ ಚಿಕ್ಕ ಆವೃತ್ತಿ ಶಾಲಾ ಮಕ್ಕಳ ಭೂಗೋಳ ವಾಚಿಕೆಯಾಯಿತು.

ಪುಸ್ತಕದ ಹಣದಿಂದ ಮಾರ್ಥಾಸ್ ವಿನ್‌ಯಾರ್ಡ್ ದ್ವೀಪದಲ್ಲಿ ತೋಟ ಕೊಂಡ. ನೆಲದ ಮೇಲೆ ಅವನ ಕಾಲು ನಿಲ್ಲಲಿಲ್ಲ. ಚಳಿಗಾಲ ಬಂದರೆ ಸ್ಪ್ರೇ ಹತ್ತಿ ವೆಸ್ಟ್ ಇಂಡೀಸ್ ಕಡೆ ಹೋಗಿಬಿಡುತ್ತಿದ್ದ. ಆದರೆ ವಯಸ್ಸಾಗುತ್ತಿತ್ತು. ಕೊನೆಯ ವರ್ಷಗಳಲ್ಲಿ ನೋಡಿದವರು ದೋಣಿಯ ಹಗ್ಗಗಳು ಸವೆದಿದ್ದವು, ಬಣ್ಣ ಹೋಗಿತ್ತು, ಯಜಮಾನನಂತೆಯೇ ದೋಣಿಯೂ ಅಸ್ತವ್ಯಸ್ತವಾಗಿತ್ತು ಎಂದು ಬರೆದಿದ್ದಾರೆ. ಹತ್ತಿಯ ಎಳೆಯನ್ನು ಒಂದೊಂದಾಗಿ ಬಡಿದು ಕೂರಿಸಿದ ಕೈ ಅದು ಎಂದು ನೆನೆದಾಗ ಈ ಸಾಲು ಓದುವುದು ಕಷ್ಟವಾಗುತ್ತದೆ.

1909ರ ನವೆಂಬರ್‌ನಲ್ಲಿ, 65ನೇ ವಯಸ್ಸಿನಲ್ಲಿ, ದಕ್ಷಿಣ ಅಮೆರಿಕದ ನದಿಗಳನ್ನು ನೋಡಿ ಬರುತ್ತೇನೆಂದು ಸ್ಲೋಕಮ್ ಮತ್ತೆ ಒಬ್ಬನೇ ಹೊರಟ. ರಾತ್ರಿ ಉಗಿಹಡಗೊಂದು ಢಿಕ್ಕಿ ಹೊಡೆದಿರಬೇಕೆಂದು ಕೆಲವರು, ಹಳೆಯ ಹಲಗೆಯೊಂದು ಬಿಟ್ಟುಕೊಂಡಿರಬೇಕೆಂದು ಕೆಲವರು ಊಹಿಸಿದರು. 1924ರಲ್ಲಿ, ಹೊರಟ ದಿನವೇ ಅವನು ತೀರಿಕೊಂಡನೆಂದು ಕಾನೂನಿನ ಪ್ರಕಾರ ಘೋಷಿಸಲಾಯಿತು. ಸ್ಪ್ರೇಯ ಒಂದು ಚೂರೂ ಎಲ್ಲಿಯೂ ದಡ ಸೇರಲಿಲ್ಲ.